ಅಪ್ಪನ ಬೆಂಕಿ ಅಂಗಿಗೆ ಅಜ್ಜಿಯ ಗಂಜಿ

ನಮ್ಮ ಅಜ್ಜಿ ಗಂಜಿ ಹಾಕಿದ ಕರ್ಚೀಫನ್ನು ಮೇಜಿನ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಯಾವುದಕ್ಕೂ ಒರಗಿಸಬೇಕಾಗಿರಲಿಲ್ಲ. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಇದನ್ನು ನಂಬದವರು ಯಾರಾದರೂ ಇದ್ದರೆ ಅವರು ಹೊಸದಾಗಿ ಬಾಡಿಗೆಗೆ ಬಂದವರು ಎಂದೇ ಅರ್ಥ. ಅಪ್ಪನ ಪಂಚೆ, ಅಮ್ಮನ ಸೀರೆ, ನನ್ನ ಯೂನಿಫಾರ್ಮು, ದಿಂಬಿನ ಚೀಲ, ಟೀವಿಯ ಮೇಲೆ ಹೊದಿಸುವ ಕಸೂತಿ ಬಟ್ಟೆ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಸ್ಕೂಲಿನ ಸ್ಕರ್ಟು ಹಾಕಿಕೊಂಡು ನಾನು ಬೆಂಚಿನ ಮೇಲೆ ಕೂತರೆ ಯಾರೋ ಹಪ್ಪಳ ಮುರಿದರು ಎಂದು ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಒಮ್ಮೆ ತಂತಿಯ ಮೇಲಿಂದ ಹಾರಿದ ಅಪ್ಪನ ಅಂಗಿ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಎರಡು ಕೈ ಚಾಚಿಕೊಂಡು ಬಿತ್ತು. ಅವರ ನಾಯಿ ಕಳ್ಳ ಬಂದನೆಂದು ಮಧ್ಯಾಹ್ನವೆಲ್ಲ ಅದಕ್ಕೆ ಬೊಗಳಿತು. ಅಂಗಿ ಜಗ್ಗಲಿಲ್ಲ.

ಗಂಜಿ ಇಲ್ಲದ ಬಟ್ಟೆ ಹಾಕಿಕೊಂಡು ಹೊರಗೆ ಹೋದ ಗಂಡಸನ್ನು ಜನ ನೋಡುವುದೇ ಇಲ್ಲ, ಅವನ ಮನೆಯ ಹೆಂಗಸರನ್ನು ನೋಡುತ್ತಾರೆ ಎನ್ನುವುದು ಅಜ್ಜಿಯ ಸಿದ್ಧಾಂತ. ಜಯನಗರದಲ್ಲಿ ಸಂಸಾರ ಮಾಡಿದಷ್ಟು ಕಾಲವೂ ತಾತನನ್ನು ಗರಿಗರಿಯಾಗಿಯೇ ಆಫೀಸಿಗೆ ಕಳಿಸಿದವಳು ಅವಳು. ತಾತ ಬಸ್ಸಿನಲ್ಲಿ ಕೂತರೆ ಪಕ್ಕದವರು ಸರಿದು ಕೂರುತ್ತಿದ್ದರಂತೆ, ಗೌರವಕ್ಕೋ ಅಥವಾ ಚುಚ್ಚುತ್ತದೆಂದೋ ಗೊತ್ತಿಲ್ಲ. ಅನ್ನ ಬಸಿದ ಗಂಜಿಗೆ ಕುದಿಸಿದ ಸಬ್ಬಕ್ಕಿ ಸೇರಿಸಿ, ಹಳೇ ಪಂಚೆಯಲ್ಲಿ ಶೋಧಿಸಿ, ಅದರಲ್ಲಿ ಬಟ್ಟೆ ಅದ್ದಿ, ಜೋರಾಗಿ ಹಿಂಡದೆ ಒಣಹಾಕಿ, ಆಮೇಲೆ ನೀರು ಚಿಮುಕಿಸಿ ಇಸ್ತ್ರಿ. ಇಸ್ತ್ರಿಪೆಟ್ಟಿಗೆ ತಾಗಿದಾಗ ಬರುವ ಆ ಸುಟ್ಟ ಅನ್ನದಂಥ ವಾಸನೆಯೇ ನಮ್ಮ ಮನೆಯ ಭಾನುವಾರದ ವಾಸನೆ.

ಅಪ್ಪ ಕೆಲಸ ಮಾಡುತ್ತಿದ್ದುದು ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ದಾಟಿ ತಲಘಟ್ಟಪುರದ ಕಡೆಗೆ ಹೋಗುವಾಗ ಸಿಗುವ ಒಂದು ಎರಕದ ಕಾರ್ಖಾನೆಯಲ್ಲಿ. ಅಲ್ಲಿ ಕಬ್ಬಿಣ ಕರಗಿಸಿ, ಮರಳಿನ ಅಚ್ಚುಗಳಿಗೆ ಹೊಯ್ದು, ದೊಡ್ಡ ದೊಡ್ಡ ಪಂಪುಗಳ ಮೈ ಮಾಡುತ್ತಿದ್ದರು. ಹೊಯ್ಯುವವನು ಅಪ್ಪ. ನನ್ನ ಗೆಳತಿಯರ ಅಪ್ಪಂದಿರೆಲ್ಲ ಬ್ಯಾಂಕು, ಎಲ್‌ಐಸಿ ಎಂದು ಹೇಳಿಕೊಳ್ಳುವಾಗ ನಾನು, "ನಮ್ಮಪ್ಪ ಕಬ್ಬಿಣನ ನೀರು ಮಾಡಿ ಕೊಡಪಾನದಲ್ಲಿ ಬಗ್ಗಿಸ್ತಾರೆ," ಎನ್ನುತ್ತಿದ್ದೆ. ಕೊಡಪಾನ ಎಂದದ್ದು ಸ್ವಲ್ಪ ಹೆಚ್ಚಾಯಿತು, ಅದು ಕ್ರೇನಿಗೆ ನೇತುಹಾಕಿದ, ಒಳಗೆ ಒಂದು ಎಮ್ಮೆಕರು ಕೂರುವಷ್ಟು ದೊಡ್ಡ ಬಕೆಟ್ಟು. ಆದರೆ ಬಗ್ಗಿಸುವುದು ನಿಜ. ಬಕೆಟ್ಟಿನ ಪಕ್ಕದಲ್ಲಿರುವ ಚಕ್ರವನ್ನು ಅಪ್ಪ ನಿಧಾನವಾಗಿ ತಿರುಗಿಸಬೇಕು, ಲೋಹ ಒಂದೇ ಧಾರೆಯಾಗಿ ಅಚ್ಚಿಗೆ ಇಳಿಯಬೇಕು. ನಡುವೆ ನಿಲ್ಲಿಸಿದರೆ ಆ ಎರಕ ಕೆಟ್ಟಿತು, ಗುಜರಿಗೆ ಹೋಗಬೇಕು.

ಅದರ ಗುರುತುಗಳು ಅಪ್ಪನ ಕೈಮೇಲೆ ಇದ್ದವು. ಮುಂಗೈಯಿಂದ ಮೊಣಕೈವರೆಗೆ, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ, ಸಣ್ಣ ಸಣ್ಣ ಬಿಳೀ ಚುಕ್ಕೆಗಳು. ದಪ್ಪ ಖಾಕಿ ಅಂಗಿಯನ್ನು ತೂತು ಮಾಡಿಕೊಂಡು ಕಿಡಿ ಒಳಗೆ ಇಳಿಯುತ್ತಿತ್ತು. ಒಮ್ಮೆ ಅವನ ಜೊತೆಯ ಕೆಲಸಗಾರನೊಬ್ಬನ ಅಂಗಿಗೆ ಬೆಂಕಿ ಹತ್ತಿಕೊಂಡು, ಆರಿಸುವಷ್ಟರಲ್ಲಿ ಎದೆಯೆಲ್ಲ ಬೆಂದು, ಅವನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಆ ದಿನದಿಂದ ಅಪ್ಪ ಕೆಲಸದಿಂದ ಬಂದ ತಕ್ಷಣ ಅಜ್ಜಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೈ ನೋಡುತ್ತಿದ್ದಳು. ಹೊಸ ಚುಕ್ಕೆ ಕಂಡರೆ ಕುಂಡದಿಂದ ಲೋಳೆಸರ ಮುರಿದು ತಂದು ಹಚ್ಚುತ್ತ ಬೈಯುತ್ತಿದ್ದಳು.

"ಇದ್ಯಾವ ಕೆಲಸಾನೋ, ಸಂಬಳದ ಜೊತೆ ಒಗ್ಗರಣೇನೂ ಹಾಕಿ ಕಳಿಸ್ತಾರೆ."

ಹೀಗಿರುವಾಗ ನನ್ನ ಎಸ್ಸೆಸ್ಸೆಲ್ಸಿ ವರ್ಷ ಕಾರ್ಖಾನೆಗೆ ಬೆಂಕಿ ಅಂಗಿ ಬಂತು. ಬೂದುಬಣ್ಣದ ದಪ್ಪ ಹತ್ತಿಬಟ್ಟೆಯ ಒಂದು ಕೋಟು, ಒಂದು ಪ್ಯಾಂಟು. ಫರ್ನೇಸಿನ ಹತ್ತಿರ ನಿಲ್ಲುವವರಿಗೆಲ್ಲ ತಲಾ ಒಂದು ಜೊತೆ. ಬೊಂಬಾಯಿಯಿಂದ ಒಬ್ಬ ಮನುಷ್ಯ ಬಂದು ಹೇಗೆ ಹಾಕಿಕೊಳ್ಳಬೇಕು, ಹೇಗೆ ಒಗೆಯಬೇಕು ಎಂದು ಹಿಂದಿಯಲ್ಲಿ ಪಾಠ ಮಾಡಿದನಂತೆ. ಅಪ್ಪ ಅದನ್ನು ಮನೆಯಲ್ಲಿ ಮಗ್ಗಿ ಒಪ್ಪಿಸುವವನಂತೆ ಒಪ್ಪಿಸಿದ: ಬ್ಲೀಚ್ ಹಾಕಬಾರದು, ಎಣ್ಣೆ ಗ್ರೀಸು ಉಳಿಸಬಾರದು, ಹರಿದರೆ ಇದೇ ಬಟ್ಟೆಯ ತೇಪೆ ಹಾಕಬೇಕು. ತೇಪೆಗೆಂದು ಅಂಗೈಯಗಲದ ಒಂದಷ್ಟು ತುಂಡುಗಳನ್ನೂ ಕೊಟ್ಟಿದ್ದರು.

ಅಪ್ಪ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಚಾಚಿದ. ನಾನು, ಅಮ್ಮ, ಅಜ್ಜಿ ಮೂವರೂ ಅಡುಗೆಮನೆಯ ಗೋಡೆಗೆ ಅಂಟಿಕೊಂಡು ನಿಂತೆವು. ನೀಲಿ ಉರಿ ಬಟ್ಟೆಯನ್ನು ನೆಕ್ಕಿತು. ಅಂಚು ಕಪ್ಪಾಯಿತು, ಸ್ವಲ್ಪ ಹೊಗೆ ಬಂತು. ಅಪ್ಪ ಇಕ್ಕಳವನ್ನು ಈಚೆಗೆ ತೆಗೆದ. ಉರಿ ಬಟ್ಟೆಯ ಜೊತೆ ಬರಲಿಲ್ಲ. ಕರೆಯದ ಮನೆಗೆ ಊಟಕ್ಕೆ ಹೋಗಿ ಬಾಗಿಲಲ್ಲೇ ವಾಪಸಾದವರ ಹಾಗೆ ಒಲೆಯಲ್ಲೇ ಉಳಿದುಕೊಂಡಿತು.

"ಮತ್ತೆ ಹಿಡಿ," ಎಂದಳು ಅಜ್ಜಿ.

ಮತ್ತೆ ಹಿಡಿದ. ಮತ್ತೆ ಅದೇ.

"ಇದೇನೋ ಇದು, ಹತ್ಕೊಳ್ಳೋದೇ ಇಲ್ಲ?"

"ಇದು ಹಂಗೇ ಅಮ್ಮ. ಬೆಂಕಿ ಇರೋವರ್ಗೂ ಕಪ್ಪಾಗುತ್ತೆ, ತೆಗೆದ್ರೆ ತಾನೇ ಆರಿಹೋಗುತ್ತೆ. ಉರ್ಕೊಂಡು ಮೈಮೇಲೆ ಹರಡಲ್ಲ."

"ಇಷ್ಟು ದಿನ ಎಲ್ಲಿತ್ತೋ ಈ ಬಟ್ಟೆ?"

"ಬೊಂಬಾಯಲ್ಲಿ."

ಅಜ್ಜಿ ಆ ತುಂಡನ್ನು ಕೈಗೆ ತೆಗೆದುಕೊಂಡು, ಕಪ್ಪಾದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಳು. "ಅಗ್ನೀನೇ ಮರ್ಯಾದೆ ಕೊಡೋ ಬಟ್ಟೆ," ಎಂದಳು. ನನಗೂ ರೋಮಾಂಚನವಾಯಿತು. ಆದರೆ ನನಗೆ ರೋಮಾಂಚನವಾದರೆ ಅದನ್ನು ಹತ್ತು ಜನಕ್ಕೆ ತೋರಿಸದೆ ಇರಲಾಗುವುದಿಲ್ಲ. ಮರುದಿನವೇ ನಮ್ಮ ತಾರಸಿಯ ಮೇಲೆ ಪ್ರದರ್ಶನ ಶುರುವಾಯಿತು.

ಪರೀಕ್ಷೆ ಮುಗಿದಿತ್ತು, ರಿಸಲ್ಟು ಬಂದಿರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಮಾಡಲು ಬೇರೆ ಕೆಲಸವಿರಲಿಲ್ಲ. ನಾನು ಅಮ್ಮನ ಕೆಂಪು ದುಪಟ್ಟಾ ಹೊದ್ದುಕೊಂಡು, ಇಕ್ಕಳವನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು, ಈ ಬಟ್ಟೆಯನ್ನು ಜ್ವಾಲಾಮುಖಿಯ ಒಳಗೆ ಬೆಳೆದ ಹತ್ತಿಯಿಂದ ನೇಯ್ದಿದ್ದಾರೆ ಎಂದು ಶುರು ಮಾಡುತ್ತಿದ್ದೆ. ಎದುರು ಮನೆಯ ಹುಡುಗ, ನನ್ನ ಕ್ಲಾಸಿನವನೇ, ಮೊದಲ ದಿನವೇ ತಕರಾರು ತೆಗೆದ.

"ಏ ಬಿಡು ಗುರು, ಒದ್ದೆ ಮಾಡ್ಕೊಂಡ್ ಬಂದಿರ್ತಾಳೆ."

"ಮುಟ್ಟಿ ನೋಡೋ. ನಿನ್ನ ತಲೆಗಿಂತ ಒಣಗಿದೆ."

ಮುಟ್ಟಿದ, ಮೂಸಿದ, ಒಪ್ಪಲಿಲ್ಲ. ಹಾಗಾದರೆ ನಿನ್ನ ಕರ್ಚೀಫು ಕೊಡು, ಪಕ್ಕದಲ್ಲಿಟ್ಟು ನೋಡೋಣ ಎಂದೆ. ಕೊಟ್ಟ. ಕಡ್ಡಿ ಗೀರಿದೆ. ಬೆಂಕಿ ಅಂಗಿಯ ತುಂಡು ಅಂಚು ಕಪ್ಪು ಮಾಡಿಕೊಂಡು ಸುಮ್ಮನೆ ನಿಂತಿತು. ಪಾಲಿಯೆಸ್ಟರ್ ಕರ್ಚೀಫು ಕ್ಷಣದಲ್ಲಿ ಮುದುಡಿ, ಕರಗಿ, ತೊಟ್ಟಿಕ್ಕಿ, ತಾರಸಿಯ ನೆಲಕ್ಕೆ ಅಂಟಿಕೊಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಬೆರಗಾಗಿತ್ತು. ನೆಲದಲ್ಲಿ ಅಂಟಿದ್ದ ಕಪ್ಪು ಉಂಡೆಯನ್ನು ಉಗುರಿನಿಂದ ಕೆರೆಯುತ್ತ ಅವನು ಹೇಳಿದ, "ಸಖತ್ತಾಗಿದೆ ಮಗಾ. ನಮ್ಮಮ್ಮ ನನ್ನ ಕೊಲ್ತಾಳೆ."

ಮೇ ತಿಂಗಳಲ್ಲಿ ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಮೈಸೂರಿಗೆ ಹೋದಳು. ಅಲ್ಲಿಯವರೆಗೆ ಬೆಂಕಿ ಅಂಗಿಯನ್ನು ಅಮ್ಮನೇ ಬೇರೆಯಾಗಿ ಒಗೆದು, ಒಣಗಿಸಿ, ಮಡಿಸಿಡುತ್ತಿದ್ದಳು. ಈಗ ಮನೆ ಅಜ್ಜಿಯ ಕೈಗೆ ಬಂತು. ಅದೇ ವಾರ ಅಪ್ಪ ಒಂದು ಸುದ್ದಿಯನ್ನೂ ತಂದ. ಊಟಕ್ಕೆ ಕೂತವನು ಸಾರಿಗೆ ಕೈ ಹಾಕದೆ ಹೇಳಿದ.

"ಸೋಮವಾರ ಹೊರಗಿನ ಕಂಪನಿಯವರು ಬರ್ತಾರೆ. ದೊಡ್ಡ ಆರ್ಡರ್. ಎರಕ ಹೊಯ್ಯೋದನ್ನ ಕಣ್ಣಾರೆ ನೋಡ್ಬೇಕಂತೆ. ಮ್ಯಾನೇಜರ್ ನನ್ನೇ ಹೊಯ್ಯಕ್ಕೆ ಹೇಳಿದಾರೆ."

"ಎಲ್ಲರ ಮುಂದೇನಾ?" ಎಂದಳು ಅಜ್ಜಿ.

"ಎಲ್ಲರ ಮುಂದೆ."

ಅಲ್ಲಿಗೆ ಆಯಿತು. ಭಾನುವಾರ ಬೆಳಿಗ್ಗೆ ಅಜ್ಜಿ ದೊಡ್ಡ ಪಾತ್ರೆಯನ್ನು ಅಟ್ಟದಿಂದ ಇಳಿಸಿದಳು. ಮದುವೆಮನೆಗೆ ಸಾರು ಮಾಡುವಂಥ ಪಾತ್ರೆ. ಅಷ್ಟು ಸಬ್ಬಕ್ಕಿಯನ್ನು ನಾನು ಹಬ್ಬದ ಪಾಯಸದಲ್ಲೂ ನೋಡಿರಲಿಲ್ಲ. ದಪ್ಪ ಬಟ್ಟೆ ಗಂಜಿ ಕುಡಿಯುವುದು ಹೆಚ್ಚು ಎಂದು ಅಜ್ಜಿ ಒಂದು ಸಲ ಅದ್ದಿ, ಒಣಗಿಸಿ, ಮತ್ತೆ ಅದ್ದಿದಳು. ಕೋಟಿನ ಜೇಬಿನಲ್ಲಿ ಉಳಿದಿದ್ದ ತೇಪೆಯ ತುಂಡುಗಳು ಕೈಗೆ ಸಿಕ್ಕವು, ಅವನ್ನೂ ಅದ್ದಿದಳು. ಒಲೆ ಒರೆಸುವ ಬಟ್ಟೆಗೂ ಗಂಜಿ ಹಾಕುವ ಹೆಂಗಸು, ತುಂಡುಗಳನ್ನು ಬಿಡುತ್ತಾಳೆಯೇ. ಬೊಂಬಾಯಿಯ ಮನುಷ್ಯ ಎಲ್ಲ ಹೇಳಿದ್ದ. ಆದರೆ ಫರ್ನೇಸಿನ ಮುಂದೆ ನಿಲ್ಲುವ ಕೋಟಿಗೆ ಸಬ್ಬಕ್ಕಿ ಗಂಜಿ ಹಾಕಿ ಇಸ್ತ್ರಿ ಮಾಡುವ ಮನೆ ಈ ಭೂಮಿಯ ಮೇಲೆ ಒಂದಿದೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

ಸೋಮವಾರ ಬೆಳಿಗ್ಗೆ ಅಪ್ಪ ಕೋಟು ನೋಡಿ ನಕ್ಕ. "ಇದಕ್ಕೂ ಹಾಕ್ಬಿಟ್ಯಾ?"

"ನಾಲ್ಕು ಜನದ ಮುಂದೆ ನಿಲ್ಲೋನು, ಮುದುಡಿರೋ ಬಟ್ಟೆ ಹಾಕ್ಕೊಂಡು ನಿಲ್ತೀಯೇನೋ?"

ಗಂಜಿ ನಮ್ಮ ಮನೆಯಲ್ಲಿ ಉಪ್ಪಿನ ಹಾಗೆ. ಹಾಕಿದೆ ಎಂದು ಯಾರೂ ಯೋಚನೆ ಮಾಡುವುದಿಲ್ಲ. ಅಪ್ಪನೂ ಮಾಡಲಿಲ್ಲ. ಕೋಟು ತೊಟ್ಟಾಗ ತೋಳುಗಳು ತಾವಾಗಿಯೇ ಅರ್ಧ ಮೇಲಕ್ಕೆದ್ದು ನಿಂತವು. ಸ್ಕೂಟರಿನ ಮೇಲೆ ಕೂತಾಗ ಪ್ಯಾಂಟು ಮಾಡಿದ ಸದ್ದಿಗೆ ಕರೆಂಟು ಕಂಬದ ಕಾಗೆಗಳು ಹಾರಿದವು. ಎದೆ ಮುಂದಕ್ಕೆ, ಬೆನ್ನು ನೆಟ್ಟಗೆ, ದಸರಾ ಪೆರೇಡಿನ ಕುದುರೆ ಸವಾರನಂತೆ ಅಪ್ಪ ಹೋದ. ಬೀದಿ ತಿರುಗುವವರೆಗೂ ಅಜ್ಜಿ ಗೇಟಿನಲ್ಲಿ ನಿಂತು ನೋಡಿದಳು.

ಹತ್ತು ಗಂಟೆ ದಾಟಿತ್ತು. ಎದುರು ಮನೆಯವನು ಬಿಟಿಎಂ ಲೇಔಟಿನಿಂದ ಬಂದಿದ್ದ ತನ್ನ ಕಸಿನ್ನನ್ನು ಪ್ರದರ್ಶನಕ್ಕೆ ಕರೆದುಕೊಂಡು ಬಂದ. ಹಳೆಯ ತುಂಡು ಅಷ್ಟರಲ್ಲಿ ಸುತ್ತಲೂ ಕಪ್ಪಾಗಿ ಬಿಸ್ಕತ್ತಿನಷ್ಟಾಗಿತ್ತು. ಹೊಸದೊಂದು ತುಂಡನ್ನು ಅಜ್ಜಿಯ ಇಸ್ತ್ರಿ ಬಟ್ಟೆಯ ರಾಶಿಯಿಂದ ತಂದೆ. ಜ್ವಾಲಾಮುಖಿ ಹತ್ತಿಯ ಕಥೆ ಹೇಳಿದೆ. ಇಕ್ಕಳದಲ್ಲಿ ಹಿಡಿದೆ. ಕಡ್ಡಿ ಗೀರಿದೆ.

ಬಟ್ಟೆಯ ಅಂಚಿನಲ್ಲಿ ಒಂದು ಸಣ್ಣ ಹಳದಿ ಉರಿ ಕೂತಿತು. ಕಡ್ಡಿಯನ್ನು ತೆಗೆದೆ. ಉರಿ ಹೋಗಲಿಲ್ಲ. ಪಾತ್ರೆಯ ಅಂಚಿನಲ್ಲಿ ನಡೆಯುವ ಇರುವೆಸಾಲಿನ ಹಾಗೆ ಬಟ್ಟೆಯ ಮೈಮೇಲೆ ನಿಧಾನವಾಗಿ ನಡೆಯತೊಡಗಿತು. ಊದಿದೆ. ಬಗ್ಗಿತು, ಮತ್ತೆ ಎದ್ದಿತು. ಅನ್ನ ಸೀದ ವಾಸನೆ ಬಂತು.

"ಇದೇನಾ ನೀನ್ ಹೇಳಿದ್ದು?" ಎಂದ ಕಸಿನ್.

ಎದುರು ಮನೆಯವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಉರಿಯನ್ನೇ ನೋಡುತ್ತ ಮೆಲ್ಲಗೆ ಕೇಳಿದ, "ಲೇ, ನಿಮ್ಮಪ್ಪನ ಡ್ರೆಸ್ಸೂ ಇದೇ ಬಟ್ಟೆ ಅಲ್ವಾ?"

ಇಕ್ಕಳ ಹಿಡಿದುಕೊಂಡೇ ಮೆಟ್ಟಿಲು ಇಳಿದೆ. ಇಳಿದೆ ಎನ್ನುವುದಕ್ಕಿಂತ ಬಿದ್ದೆ ಎನ್ನುವುದು ಸರಿ. ಅಜ್ಜಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನನ್ನ ಮಾತು ಅವಳಿಗೆ ಅರ್ಥವಾಗಲಿಲ್ಲ, ನಾನು ಬಡಬಡಿಸುತ್ತಿದ್ದೆ. ಅವಳು ಇಕ್ಕಳ ಕಸಿದುಕೊಂಡು, ರಾಶಿಯಿಂದ ಇನ್ನೊಂದು ತುಂಡು ತೆಗೆದು, ತಾನೇ ಒಲೆ ಹಚ್ಚಿ ಹಿಡಿದಳು. ಈಚೆಗೆ ತೆಗೆದಳು. ಉರಿ ಬಟ್ಟೆಯ ಜೊತೆಯೇ ಬಂತು.

ಅಜ್ಜಿ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಆಮೇಲೆ ಅದನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿದಳು.

"ಗಂಜಿ ಅಂದ್ರೆ ಅನ್ನ ಕಣೇ," ಎಂದಳು. "ಅನ್ನ ಸೀಯುತ್ತೆ. ಬಟ್ಟೆ ಮೇಲೆ ಅನ್ನ ಬಳಿದು ಕಳಿಸಿದೀನಿ ನನ್ನ ಮಗನ್ನ."

ಮೊದಲು ಕಾರ್ಖಾನೆಗೆ ಫೋನು ಮಾಡಿದೆ. ಗೇಟಿನವನು ಎತ್ತಿ, ಒಳಗೆ ಕೆಲಸ ನಡೆದಿದೆ, ಗೆಸ್ಟು ಬಂದಿದ್ದಾರೆ, ಈಗ ಯಾರನ್ನೂ ಕರೆಯಲಾಗದು ಎಂದು ಇಟ್ಟುಬಿಟ್ಟ. ಅಜ್ಜಿ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು. ಉಳಿದ ಒಣ ತುಂಡುಗಳನ್ನೂ ಬೆಂಕಿಪೊಟ್ಟಣವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಹುರುಳಿಕಾಯಿ ನೆಲದ ಮೇಲೇ ಇತ್ತು. ಯಾವ ಪ್ರಳಯಕ್ಕೂ ತರಕಾರಿಯನ್ನು ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ಅವಳು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

ಮೂಲೆಯ ಸ್ಟ್ಯಾಂಡಿನಲ್ಲಿ ಒಂದೇ ಆಟೋ ಇತ್ತು. ಕೇಳದೆಯೇ ಅಜ್ಜಿ ಹತ್ತಿ ಕೂತಳು.

"ಕೋಣನಕುಂಟೆ ದಾಟಿದ್ರೆ ವಾಪಸ್ ಬರಕ್ಕೆ ಗಿರಾಕಿ ಸಿಗಲ್ಲಮ್ಮ," ಎಂದ ಆಟೋದವನು.

"ನಾವೇ ವಾಪಸ್ ಬರ್ತೀವಪ್ಪ. ಮೂರು ಜನ. ನೀನು ನಡಿ."

ಮೂರು ಜನ ಎಂದದ್ದನ್ನು ಅವನು ಗಮನಿಸಲಿಲ್ಲ. ನಾನು ಗಮನಿಸಿದೆ. ಕನಕಪುರ ರಸ್ತೆಯಲ್ಲಿ ಆ ದಿನ ಬೆಂಗಳೂರಿನ ಎಲ್ಲ ಎತ್ತಿನಗಾಡಿಗಳು, ಎಲ್ಲ ಇಟ್ಟಿಗೆ ಲಾರಿಗಳು, ಒಂದು ಕುರಿಮಂದೆ, ಒಂದು ಮದುವೆಯ ವ್ಯಾನು ನಮಗಿಂತ ಮುಂದೆ ಇದ್ದವು. ಅಜ್ಜಿ ಯಾರನ್ನೂ ಬೈಯಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವರ ಹೆಸರಿರಬೇಕೆಂದು ಕಿವಿಗೊಟ್ಟೆ. "ಎರಡು ಸಲ ಅದ್ದಿದೆ, ಎರಡು ಸಲ ಅದ್ದಿದೆ," ಎನ್ನುತ್ತಿದ್ದಳು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದವನು ಹುಬ್ಬಳ್ಳಿ ಕಡೆಯವನು, ಅಪ್ಪನ ಬಾಯಲ್ಲಿ ಅವನ ಬಗ್ಗೆ ಕೇಳಿದ್ದೆ. ಮೀಸೆ ಎಷ್ಟಿತ್ತೆಂದರೆ ಗೇಟಿಗೆ ಬೇರೆ ಅಗುಳಿ ಬೇಕಾಗಿರಲಿಲ್ಲ.

"ಏನ್ರಿ ಅಮ್ಮಾರ, ಇವತ್ತ ಯಾರನ್ನೂ ಒಳಗ ಬಿಡಂಗಿಲ್ರಿ."

"ಒಳಗೆ ಬಿಡ್ಬೇಡಪ್ಪ. ನನ್ನ ಮಗನ್ನ ಹೊರಗೆ ಕರಿ."

"ಅವರು ಈಗ ಎರಕಕ್ಕ ನಿಂತಾರ್ರಿ. ಕರಿಯಾಕ ಆಗಂಗಿಲ್ಲ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣ ತೆಗೆದಳು. ಅವನು ಗಾಬರಿಯಾಗಿ ಕೈ ಅಡ್ಡ ಹಿಡಿದ.

"ಏ ಏ, ಇಲ್ಲಿ ಕಡ್ಡಿಪೆಟ್ಟಿಗಿ ತರಂಗಿಲ್ರಿ. ರೂಲ್ಸ್ ಐತಿ."

"ಒಳಗೆ ಅಷ್ಟು ದೊಡ್ಡ ಬೆಂಕಿ ಇಟ್ಕೊಂಡು ನನ್ನ ಒಂದು ಕಡ್ಡಿಗೆ ಹೆದರ್ತೀಯಾ? ನೋಡಿಲ್ಲಿ. ಇದು ನಿಮ್ಮ ಬೆಂಕಿ ಅಂಗಿ ಬಟ್ಟೆ. ಗೊತ್ತಲ್ಲ, ಹತ್ಕೊಳ್ಳಲ್ಲ ಇದು?"

"ಗೊತ್ತೈತ್ರಿ, ನಮಗೂ ತೋರ್ಸ್ಯಾರ."

ಅಜ್ಜಿ ಕಡ್ಡಿ ಗೀರಿದಳು. ತುಂಡು ಹತ್ತಿಕೊಂಡಿತು. "ನಾನು ಗಂಜಿ ಹಾಕಿದೀನಿ. ಅವನು ಹಾಕ್ಕೊಂಡಿರೋ ಕೋಟಿಗೂ ಹಾಕಿದೀನಿ."

ಉರಿ ಅವಳ ಬೆರಳಿನ ಹತ್ತಿರ ಬರುವವರೆಗೂ ಅವನು ನೋಡಿದ. ಆಮೇಲೆ ಅಷ್ಟು ದಪ್ಪ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಟೀವಿಯ ಒಲಿಂಪಿಕ್ಸಿನಲ್ಲೂ ಕಂಡಿಲ್ಲ. ಗೇಟನ್ನು ಹಾಗೇ ತೆರೆದಿಟ್ಟು ಓಡಿದ.

ಅಪ್ಪ ಬಂದ. ಮುಖದ ಗಾಜಿನ ಕವಚವನ್ನು ಹಣೆಯ ಮೇಲಕ್ಕೆ ಎತ್ತಿಕೊಂಡಿದ್ದ. ಕೋಟು ಬಿಸಿಲಿನಲ್ಲಿ ಮಿನುಗುತ್ತಿತ್ತು, ತಗಡಿನಲ್ಲಿ ಹೊಲಿದ ಹಾಗೆ. ಸಿಟ್ಟು ಬಂದಿತ್ತು.

"ಏನಮ್ಮ ಇದು, ಇವತ್ತೇ ಬರ್ಬೇಕಾ? ಮೆಟಲ್ ರೆಡಿ ಆಗ್ತಾ ಇದೆ. ಮ್ಯಾನೇಜರ್ ಬೇರೆ ನನ್ನ ಕೋಟು ತೋರಿಸಿ, ನೋಡಿ ಹಿಂಗಿರ್ಬೇಕು ನೀಟಾಗಿ, ಅಂತ ಎಲ್ಲರಿಗೂ ಹೇಳಿದ್ರು."

ಅಷ್ಟು ಆತಂಕದಲ್ಲೂ ಅಜ್ಜಿಯ ಮುಖ ಒಂದು ಕ್ಷಣ ಅರಳಿದ್ದನ್ನು ನಾನು ನೋಡಿದೆ. ಮರುಕ್ಷಣ ಅವಳು ಇನ್ನೊಂದು ತುಂಡಿಗೆ ಕಡ್ಡಿ ಹಿಡಿದಳು.

ಅಪ್ಪ ಉರಿಯನ್ನು ನೋಡಿದ. ಬೆಂಕಿಯ ಜೊತೆ ಬದುಕುವವರು ಬೆಂಕಿಯನ್ನು ನೋಡುವ ರೀತಿಯೇ ಬೇರೆ. ಎರಡನೇ ಸಲ ಕೇಳಲಿಲ್ಲ. ತನ್ನ ತೋಳನ್ನು ಇನ್ನೊಂದು ಕೈಯಿಂದ ಹಿಚುಕಿದ, ಅದು ಕರಕರ ಎಂದಿತು. ಅವನ ಮುಖದ ಬಣ್ಣ ಇಳಿಯಿತು.

"ಬಿಚ್ಚು," ಎಂದಳು ಅಜ್ಜಿ.

"ಕೋಟಿಲ್ದೆ ಒಳಗೆ ನಿಲ್ಲೋ ಹಂಗಿಲ್ಲಮ್ಮ. ಇವತ್ತು ನಾನು ಹೊಯ್ಲಿಲ್ಲ ಅಂದ್ರೆ..."

"ಹೊಯ್ಬೇಡ. ಬಿಚ್ಚು."

ಅಪ್ಪ ಅಲ್ಲೇ, ಗೇಟಿನ ಪಕ್ಕ, ಗುಂಡಿ ಬಿಚ್ಚತೊಡಗಿದ. ಆ ದಿನಕ್ಕಾಗಿ ವಾರವಿಡೀ ಊಟ ಸೇರದೆ ಕಾದಿದ್ದವನು. ಕೋಟು ಕಳಚಿ ನೆಲದ ಮೇಲಿಟ್ಟರೆ ಅದು ಬೀಳಲಿಲ್ಲ, ಅಪ್ಪನಿಗಿಂತ ನೆಟ್ಟಗೆ ಕೂತುಕೊಂಡಿತು. ಬನಿಯನ್ನಿನಲ್ಲಿ ನಿಂತ ಅಪ್ಪ ಇದ್ದಕ್ಕಿದ್ದಂತೆ ಸಣ್ಣಗೆ ಕಂಡ. ಆಗ ಗೇಟಿನವನು ಗಂಟಲು ಸರಿಮಾಡಿಕೊಂಡು, ಮಧ್ಯಾಹ್ನದ ಪಾಳಿಯ ಗುಂಡನೆಯವನೊಬ್ಬನ ಬೆಂಕಿ ಅಂಗಿ ಬೀರುವಿನಲ್ಲಿ ನೇತಾಡುತ್ತಿದೆ, ಅದು ಆದರೂ ಆದೀತು ಎಂದ. ಅಜ್ಜಿ ತಕ್ಷಣ ಕೇಳಿದಳು:

"ಅವನ ಮನೇಲಿ ಗಂಜಿ ಹಾಕ್ತಾರಾ?"

"ಅವನ ಮನ್ಯಾಗ ಒಗಿಯೂದೂ ಡೌಟ್ ಐತ್ರಿ," ಎಂದ ಗೇಟಿನವನು.

ಕೋಟು ಪ್ಯಾಂಟು ಎರಡನ್ನೂ ತರಿಸಿದರು. ಅಜ್ಜಿ ಬಟ್ಟೆಯನ್ನು ಉಜ್ಜಿ ನೋಡಿದಳು, ಮೂಸಿದಳು, ಎಣ್ಣೆಯ ಕಲೆ ಇದೆಯೇ ಎಂದು ಬಿಸಿಲಿಗೆ ಹಿಡಿದಳು. ಬೆವರಿನ ನಾತ ಬಿಟ್ಟರೆ ಏನಿರಲಿಲ್ಲ. ಕೊನೆಗೆ ತಲೆಯಾಡಿಸಿದಳು. ಆ ಗುಂಡನೆಯವನ ಪ್ಯಾಂಟಿನ ಒಂದೊಂದು ಕಾಲಿನಲ್ಲೂ ಒಬ್ಬೊಬ್ಬ ಅಪ್ಪ ಹಿಡಿಸುತ್ತಿದ್ದ. ಕೋಟು ಮೊಣಕಾಲಿಗೆ ಬಂತು. ಸುಕ್ಕು, ಮುದುಡು, ಜೋಲು. ಎಲ್ಲರ ಮುಂದೆ ಗರಿಗರಿಯಾಗಿ ನಿಲ್ಲಬೇಕಿದ್ದ ಅಪ್ಪ ಗವಸು ಸಡಿಲವಾದ ದಿಂಬಿನ ಹಾಗೆ ಒಳಗೆ ಓಡಿದ.

ಮನೆಗೆ ಹೋಗೋಣ ಎಂದೆ. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಗೇಟಿನವನು ಒಮ್ಮೆ ಅವಳನ್ನೂ ಒಮ್ಮೆ ರಸ್ತೆಯನ್ನೂ ನೋಡಿ, ಆಫೀಸಿನ ಮೆಟ್ಟಿಲ ಮೇಲಿನ ಗಾಜಿನ ಕಿಟಕಿಯ ಹತ್ತಿರ ನಮ್ಮನ್ನು ಬಿಟ್ಟುಹೋದ. ಅತಿಥಿಗಳು ಬೇರೊಂದು ಕಡೆ, ಹಳದಿ ಗೆರೆಯ ಹಿಂದೆ, ಬಿಳಿಯ ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದರು.

ನನ್ನ ಗೆಳತಿಯರಿಗೆ ನಾನು ಹೇಳುತ್ತಿದ್ದ ಕಥೆಗಳೆಲ್ಲ ಎಷ್ಟು ಸಣ್ಣವು ಎಂದು ಅವತ್ತು ಗೊತ್ತಾಯಿತು. ಕರಗಿದ ಕಬ್ಬಿಣ ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಅದಕ್ಕೆ ನನಗೆ ಗೊತ್ತಿರುವ ಯಾವ ಬಣ್ಣವೂ ಇರಲಿಲ್ಲ. ಫರ್ನೇಸು ವಾಲಿ ಬಕೆಟ್ಟು ತುಂಬಿದಾಗ ಅಷ್ಟೆತ್ತರದ ಚಾವಣಿಯ ಒಂದೊಂದು ತಗಡೂ ಹಗಲಾಯಿತು. ಹೊರಗೆ ಮೇ ತಿಂಗಳ ಬಿಸಿಲಿತ್ತು, ಈ ಬೆಳಕಿನ ಮುಂದೆ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಂಕಾಗಿ ಕಂಡಿತು. ಮುಚ್ಚಿದ ಗಾಜಿನ ಈಚೆಗೂ ಕೆನ್ನೆ ಬಿಸಿಯಾಯಿತು. ಕ್ರೇನು ಬಕೆಟ್ಟನ್ನು ಎತ್ತಿ ತಂದಾಗ ಅದರ ಹೊಟ್ಟೆಯಲ್ಲಿ ಏನೋ ಉಸಿರಾಡುತ್ತಿರುವ ಹಾಗೆ ಬೆಳಕು ಏರಿ ಇಳಿಯಿತು. ಅದರ ಪಕ್ಕದಲ್ಲಿ, ಚಕ್ರ ಹಿಡಿದುಕೊಂಡು, ಜೋಲು ಕೋಟಿನ ನನ್ನ ಅಪ್ಪ. ಮನೆಯಲ್ಲಿ ಬಾಟಲಿಯ ಮುಚ್ಚಳ ಬಿಗಿಯಾದರೆ ನನ್ನ ಕೈಗೆ ಕೊಡುವ ಅಪ್ಪ.

ಚಕ್ರ ತಿರುಗಿತು. ಬೆಳಕಿನ ಧಾರೆ ಇಳಿಯಿತು. ಎಣ್ಣೆಯಷ್ಟು ನುಣುಪಾಗಿ, ಸದ್ದೇ ಇಲ್ಲದೆ.

ಆಗ ಅಚ್ಚು ಉಗುಳಿತು. ಮರಳಿನಲ್ಲಿ ಎಲ್ಲೋ ತೇವ ಉಳಿದಿತ್ತಂತೆ, ಆಮೇಲೆ ಅಪ್ಪ ಹೇಳಿದ. ಫಟ್ ಎಂದಿತು, ಕಾರಂಜಿಯ ಹಾಗೆ ಲೋಹ ಮೇಲೆದ್ದಿತು, ಹನಿಗಳು ಅಪ್ಪನ ಎದೆಗೆ, ತೋಳಿಗೆ ಬಡಿದವು. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಬಳೆ ಮುರಿದದ್ದು ನನ್ನದೋ ಅವಳದೋ ಗೊತ್ತಾಗಲಿಲ್ಲ. ಅಪ್ಪ ಹಿಂದೆ ಸರಿಯಲಿಲ್ಲ. ಚಕ್ರವನ್ನು ಬಿಡಲೂ ಇಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಗಳು ಆ ಕೊಳಕು ಕೋಟಿನ ಮೇಲಿಂದ ಉರುಳಿ ಕೆಳಗೆ ಬಿದ್ದವು. ಬಿದ್ದ ಜಾಗದಿಂದ ಹೊಗೆಯ ಎಳೆಗಳು ಎದ್ದವು. ನಾನು ಉರಿಗಾಗಿ ಕಾದೆ. ಹೊಗೆ ಇತ್ತು. ಉರಿ ಬರಲಿಲ್ಲ. ಹೊಗೆಯೂ ನಿಂತಿತು. ಧಾರೆ ಮಾತ್ರ ಹಾಗೆಯೇ ಇಳಿಯುತ್ತಿತ್ತು, ಅಚ್ಚು ತುಂಬುವವರೆಗೂ.

ಅಚ್ಚು ತುಂಬಿದ ಮೇಲೆ ಬಿಳಿಯ ಹೆಲ್ಮೆಟ್ಟಿನವರು ಏನೇನೋ ಹೇಳುತ್ತಿದ್ದರು, ಮ್ಯಾನೇಜರು ಅಪ್ಪನ ಬೆನ್ನು ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದು ಬಾಗಿಲಿಗೆ ಬಂದುಬಿಟ್ಟಿದ್ದಳು. ಅವಳನ್ನು ನೋಡಿ ಅಪ್ಪ ತಾನೇ ಬೇಗ ಹೊರಗೆ ಬಂದ. ಎದೆಯ ಮೇಲೆ ಕಪ್ಪು ಗೆರೆಗಳು, ತೋಳಿನ ಮೇಲೆ ಕಪ್ಪು ಚುಕ್ಕೆಗಳು. ಅಜ್ಜಿ ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಒತ್ತಿದಳು. ಆಮೇಲೆ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿ, ಬನಿಯನ್ ಸರಿಸಿ, ಅದೇ ಜಾಗಗಳಲ್ಲಿ ಚರ್ಮವನ್ನು ಮುಟ್ಟಿ ನೋಡಿದಳು. ಬೆವರಿತ್ತು, ಅಷ್ಟೇ. ಮ್ಯಾನೇಜರು, ಅತಿಥಿಗಳು, ಕೆಲಸದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಕರಗಿದ ಕಬ್ಬಿಣ ಸಿಡಿದರೂ ಕದಲದಿದ್ದ ಅಪ್ಪ ಸ್ನಾನಕ್ಕೆ ನಿಲ್ಲಿಸಿದ ಮಗುವಿನ ಹಾಗೆ ಕೈಗಳನ್ನು ಸ್ವಲ್ಪ ಮೇಲೆತ್ತಿಕೊಂಡು ನಿಂತಿದ್ದ.

"ಆ ಕಡೆ ಕೈ," ಎಂದಳು ಅಜ್ಜಿ.

ಅಪ್ಪ ಆ ಕಡೆಯ ಕೈಯನ್ನೂ ಚಾಚಿದ.